ಬೆಂಡೆಯ ಲೋಳೆ, ಎಚಿಝೆನ್ ಕಾಗದ

"ಕಾಗದ ನೋಡೋಕೆ ಇಷ್ಟು ದೂರ ಬರ್ಬೇಕಿತ್ತೇನೋ?" ಅಮ್ಮನ ವರಾತ ರೈಲಿನಲ್ಲೇ ಶುರುವಾಗಿತ್ತು. ಹಾಸನದಿಂದ ಒಸಾಕಾಗೆ ಬಂದು ಎರಡು ತಿಂಗಳಾಗಿತ್ತು, ಕ್ಯೋಟೋದ ಗುಡಿಗಳೆಲ್ಲ ಮುಗಿದಿದ್ದವು. ಥಂಡರ್‌ಬರ್ಡ್ ರೈಲಿನಲ್ಲಿ ತ್ಸುರುಗ, ಅಲ್ಲಿಂದ ಶಿಂಕನ್‌ಸೆನ್‌ನಲ್ಲಿ ಒಂದೇ ಸ್ಟಾಪು, ಎಚಿಝೆನ್-ತಕೆಫು. ಫೆಬ್ರವರಿ ತಿಂಗಳು. ಗದ್ದೆ ಬದುವಿನ ಮೇಲೆಲ್ಲ ಹಿಮ.

ಫುಕುಯಿ ಪ್ರಾಂತ್ಯದ ಈ ಕಣಿವೆಯಲ್ಲಿ 1500 ವರ್ಷದಿಂದ ಕಾಗದ ಮಾಡುತ್ತಿದ್ದಾರಂತೆ. ಮೇಜಿ ಸರ್ಕಾರ 1868ರಲ್ಲಿ ಹೊರಡಿಸಿದ ನೋಟುಗಳಿಗೂ ಇಲ್ಲಿಯದೇ ಕಾಗದ. ಅದಕ್ಕೆ ಬೇಕಾದ್ದು ಮರದ ದಿಮ್ಮಿಯಲ್ಲ, ಕೋಝೋ ಎಂಬ ಗಿಡದ ತೊಗಟೆಯ ಒಳನಾರು. ನಮ್ಮ ಹಿಪ್ಪುನೇರಳೆಯ ದಾಯಾದಿ ಅದು. ಎಲೆ ಉದುರಿದ ಮೇಲೆ ಕೊಂಬೆಗಳನ್ನು ಬುಡದಲ್ಲೇ ಕೊಯ್ದು, ಹಬೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ.

ಹಳೇ ಕಾಲದ ಮನೆಯೊಂದರಲ್ಲಿ ಈ ಕೆಲಸವನ್ನೆಲ್ಲ ಮಾಡಿ ತೋರಿಸುತ್ತಾರೆ. ಬಾಗಿಲ ಹತ್ತಿರ ಅಜ್ಜಿಯೊಬ್ಬರು ತಣ್ಣೀರಿನ ತೊಟ್ಟಿಯ ಮುಂದೆ ಕೂತು, ಬೆಂದ ನಾರಿನಿಂದ ಚುಕ್ಕೆಯಷ್ಟು ಕಸವನ್ನೂ ಬೆರಳಲ್ಲೇ ಹೆಕ್ಕುತ್ತಿದ್ದರು. "ಅಕ್ಕೀಲಿ ಕಲ್ಲು ಆರಿಸಿದ ಹಾಗೆ" ಎಂದು ಅಮ್ಮ ಅಲ್ಲೇ ನಿಂತುಬಿಟ್ಟಳು. ಇನ್ನು ಅವಳನ್ನು ಹೊರಡಿಸುವುದೇ ಕಷ್ಟ ಅನ್ನಿಸಿತು.

ಮುಂದಿನ ತೊಟ್ಟಿಯಲ್ಲಿ ಜಜ್ಜಿದ ನಾರು ಮೋಡದ ಹಾಗೆ ತೇಲುತ್ತಿತ್ತು. ಕೆಲಸದಾಕೆ ಅದಕ್ಕೆ ಗಂಜಿಯಂಥದ್ದೇನೋ ಸುರಿದರು. ಕೋಲಿನಿಂದ ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು. ಕೇಳಿ ಬೆರಳದ್ದಿದ ಅಮ್ಮ, "ಇದು ಬೆಂಡೆಕಾಯಿ ಲೋಳೆ ಕಣೋ!" ಅಂದಳು. ಜಪಾನಿಯಲ್ಲೂ ಬೆಂಡೆಗೆ 'ಒಕುರಾ' ಅನ್ನುವುದರಿಂದ ನನ್ನ ಅರೆಬರೆ ಜಪಾನಿಗೂ ಕೆಲಸವಾಯಿತು. ಆಕೆ ನಕ್ಕು ಅಲ್ಲವೆಂದು ತಲೆಯಾಡಿಸಿದರು. ತೊರೊರೊ-ಅಓಯಿ ಗಿಡದ ಬೇರಿನ ಲೋಳೆಯಂತೆ. ಬೆಂಡೆಗೆ ತೀರಾ ಹತ್ತಿರದ ಸಂಬಂಧಿ.

ಅದು ಅಂಟು ಎಂದುಕೊಂಡಿದ್ದೆ, ಅಲ್ಲ. ಲೋಳೆಯಿದ್ದರೆ ನಾರು ಗಂಟುಕಟ್ಟದೆ ತೇಲುತ್ತದೆ, ಬಿದಿರುಕಡ್ಡಿ ಜಾಲರಿಯಿಂದ ನೀರು ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಚೌಕಟ್ಟನ್ನು ಹಿಂದೆ ಮುಂದೆ ತೂಗಿ ಪದರದ ಮೇಲೆ ಪದರ ಕೂರಿಸಬಹುದು. ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಹಿಂಡಿದರೂ ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಸೆಕೆಗೆ ಲೋಳೆಯ ಶಕ್ತಿ ಕುಂದುವುದರಿಂದ ಚಳಿಗಾಲದ ಕಾಗದಕ್ಕೇ ಹೆಚ್ಚು ಮರ್ಯಾದೆ. "ನಾವು ಹುಳಿ ಹಿಂಡಿ ಹೋಗಲಾಡಿಸೋದನ್ನ ಇವ್ರು ಜೋಪಾನ ಮಾಡ್ತಾರಲ್ಲ!" ಎಂಬುದು ಅಮ್ಮನ ಆಶ್ಚರ್ಯ.

ಪ್ರವಾಸಿಗರಿಗೆ ಕಾಗದ ಮಾಡಲು ಬಿಡುವ ಕಡೆ ನನ್ನ ಹಾಳೆ ಕೆಟ್ಟ ರವೆ ದೋಸೆಯಾಯಿತು, ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ತೂತು. ಜೀವಮಾನವಿಡೀ ಮೊರ ಹಿಡಿದವಳ ಹಾಳೆ ಸಮನಾಗಿ ಬಂತು. ಬೆಳಕಿಗೆ ಹಿಡಿದರೆ ನಾರುಗಳು ಒಂದನ್ನೊಂದು ತಬ್ಬಿದ್ದು ಕಾಣುತ್ತಿತ್ತು. ಮರದ ನಾರು ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಕೋಝೋದ್ದು ಹತ್ತರ ಆಸುಪಾಸು. ಅದಕ್ಕೇ ತೆಳ್ಳಗಿದ್ದರೂ ಹರಿಯಲು ಜೋರು ಬೇಕು. ಹಾಗಂತ ಜೆರಾಕ್ಸ್ ಅಂಗಡಿಯ ಹಾಳೆಗೆ ಇದು ಬದಲಿಯೆಂದು ನಾನು ಹೇಳಲಾರೆ. ಬೆಲೆ ನೋಡಿಯೇ ಎರಡು ಹಾಳೆ ವಾಪಸ್ ಇಟ್ಟೆ.

ಸಂಜೆ ಓತಾಕಿ ಗುಡಿಗೆ ನಡೆದೆವು. ಇಲ್ಲಿನ ದೇವತೆ ಕಾವಕಾಮಿ ಗೋಝೆನ್, ಅಂದರೆ ಹೊಳೆಯ ಮೇಲ್ಗಡೆಯಾಕೆ. ಗದ್ದೆ ಕಡಿಮೆ, ನೀರು ಚೆನ್ನಾಗಿದೆ, ಕಾಗದ ಮಾಡಿ ಬದುಕಿ ಎಂದು ಊರವರಿಗೆ ಕಲಿಸಿದಳಂತೆ. ಚಪ್ಪರದ ಮೇಲೆ ಚಪ್ಪರ ಹಾಕಿದಂತಿರುವ ಛಾವಣಿಯಿಂದ ಹಿಮ ದೊಪ್ಪನೆ ಬಿತ್ತು. ಅಮ್ಮ ಐದು ಯೆನ್ ಹಾಕಿ ಕೈಮುಗಿದಳು.

"ಆ ಲೋಳೆ ಗಿಡದ ಬೀಜ ಸಿಗುತ್ತೇನೋ ಕೇಳು. ಹಿತ್ತಲಲ್ಲಿ ಜಾಗ ಇದೆ."