ನಮ್ಮ ನಲ್ಲಿ ನೀರಿನ ತವರು, ಲಾಖ್ ಕ್ಯಾಟ್ರಿನ್

ಸ್ಕಾಟ್ಲೆಂಡ್ ಅಂದ ಕೂಡಲೇ ಊರಿನವರು ಕೇಳುವುದು ಲಾಖ್ ನೆಸ್ ಸರೋವರದ ರಾಕ್ಷಸನ ಬಗ್ಗೆ. ಆದರೆ ಗ್ಲಾಸ್ಗೋದ ನಮ್ಮ ಮನೆಗೆ ಯಾರೇ ಬಂದರೂ ನಾನು ಕರೆದುಕೊಂಡು ಹೋಗುವುದು ಲಾಖ್ ಕ್ಯಾಟ್ರಿನ್ ಸರೋವರಕ್ಕೆ. ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಸುತ್ತ ಗುಡ್ಡ, ಓಕ್ ಮರಗಳ ಕಾಡು, ನಡುವೆ ಸುಮಾರು 13 ಕಿಲೋಮೀಟರ್ ಉದ್ದದ ತಣ್ಣನೆ ನೀರು. 1810ರಲ್ಲಿ ವಾಲ್ಟರ್ ಸ್ಕಾಟ್ ಇದರ ಮೇಲೆ ಕಥನಕವನ ಬರೆದ ಮೇಲೆ ಇಲ್ಲಿಗೆ ಪ್ರವಾಸಿಗರ ದಂಡೇ ಬಂತಂತೆ.

ನನಗೆ ಮಾತ್ರ ಕವನಕ್ಕಿಂತ ಇಲ್ಲಿನ ನೀರಿನ ಕಥೆಯೇ ಜಾಸ್ತಿ ಇಷ್ಟ.

19ನೇ ಶತಮಾನದಲ್ಲಿ ಗ್ಲಾಸ್ಗೋ ಕಾರ್ಖಾನೆಗಳ ಊರು. ಇಕ್ಕಟ್ಟಾದ ಮನೆಗಳು, ಕೊಳಕು ನೀರು. ಕಾಲರಾ ಮೇಲಿಂದ ಮೇಲೆ ಬಂದು ಸಾವಿರಾರು ಜನರನ್ನು ಕೊಂದಿತು. ಕೊನೆಗೆ ನಗರಸಭೆಯವರು ಜಾನ್ ಫ್ರೆಡ್ರಿಕ್ ಬೇಟ್‌ಮನ್ ಎಂಬ ಎಂಜಿನಿಯರ್ ಮಾತು ಕೇಳಿ ಈ ಸರೋವರಕ್ಕೇ ಕೈ ಹಾಕಿದರು. ಕಟ್ಟೆ ಕಟ್ಟಿ ನೀರಿನ ಮಟ್ಟ ಏರಿಸಿದರು. ಗುಡ್ಡ ಕೊರೆದು, ಹಳ್ಳಗಳಿಗೆ ಸೇತುವೆ ಹಾಕಿ, 26 ಮೈಲಿ ಉದ್ದದ ಕಾಲುವೆ ತಂದರು. ಅದರ ಇಳಿಜಾರು ಎಷ್ಟು ಗೊತ್ತಾ? ಮೈಲಿಗೆ 10 ಇಂಚು! ಅಷ್ಟರಲ್ಲೇ ನೀರು ತಾನಾಗಿ ಗ್ಲಾಸ್ಗೋ ಪಕ್ಕದ ಮಲ್‌ಗೈವರೆಗೆ ಹರಿದು ಬರುತ್ತದೆ, ಪಂಪಿನ ಹಂಗಿಲ್ಲದೆ. ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಮಾಡಿ ಕಾವೇರಿಯನ್ನು ಮೇಲಕ್ಕೆ ಹತ್ತಿಸುವ ಬೆಂಗಳೂರಿನವನಿಗೆ ಹೊಟ್ಟೆ ಉರಿಯದೆ ಇರುತ್ತಾ?

1859ರ ಅಕ್ಟೋಬರ್ 14ರಂದು ವಿಕ್ಟೋರಿಯಾ ರಾಣಿ ಬಂದು ಇದನ್ನು ಉದ್ಘಾಟಿಸಿದರು. ಅವರಿಗಾಗಿ ದಂಡೆಯಲ್ಲಿ ಒಂದು ಮನೆಯನ್ನೂ ಕಟ್ಟಿದ್ದರು. ಗೌರವಕ್ಕೆಂದು ಹಾರಿಸಿದ ತೋಪುಗಳ ಸದ್ದಿಗೆ ಅದರ ಕಿಟಕಿ ಗಾಜೆಲ್ಲ ಪುಡಿಯಾಗಿ, ರಾಣಿ ಅಲ್ಲಿ ತಂಗಲೇ ಇಲ್ಲ ಎಂದು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. 1866ರಲ್ಲಿ ಕಾಲರಾ ಮತ್ತೆ ಬಂತು. ಆ ಸಲ ಗ್ಲಾಸ್ಗೋದಲ್ಲಿ ಸತ್ತವರು ನೂರರ ಒಳಗೇ.

ಅದೇ ನೀರು ಈಗಲೂ ನಮ್ಮ ಅಡುಗೆಮನೆಗೆ ಬರುತ್ತದೆ. ತುಂಬಾ ಮೆದು ನೀರು. ಚೂರು ಸೋಪಿಗೇ ರಾಶಿ ನೊರೆ. ಕೆಟಲ್ ತಳದಲ್ಲಿ, ಊರಿನ ಬೋರ್‌ವೆಲ್ ನೀರು ಕಾಯಿಸಿದರೆ ಕಟ್ಟುವಂಥ ಬಿಳಿ ಪದರ ಇಲ್ಲವೇ ಇಲ್ಲ. ಬೇಳೆಯೂ ಬೇಗ ಬೇಯುತ್ತದೆ.

ಸರೋವರದಲ್ಲಿ 'ಸರ್ ವಾಲ್ಟರ್ ಸ್ಕಾಟ್' ಹೆಸರಿನ ಹಳೇ ಹಬೆ ಹಡಗಿದೆ. ಡಂಬಾರ್ಟನ್‌ನಲ್ಲಿ ತಯಾರಾದ ಇದನ್ನು ಬಿಡಿಬಿಡಿಯಾಗಿ ಲಾಖ್ ಲೋಮಂಡ್ ದಾಟಿಸಿ, ಕುದುರೆ ಗಾಡಿಗಳಲ್ಲಿ ಗುಡ್ಡ ಹತ್ತಿಸಿ, ಇಲ್ಲಿ ಜೋಡಿಸಿದರಂತೆ. 1900ರಿಂದ ಪ್ರವಾಸಿಗರನ್ನು ಹೊರುತ್ತಿದೆ. ಆಚೆ ತುದಿಯ ಗ್ಲೆನ್‌ಗೈಲ್‌ನಲ್ಲಿ 1671ರಲ್ಲಿ ಹುಟ್ಟಿದವನು ರಾಬ್ ರಾಯ್ ಮೆಕ್‌ಗ್ರೆಗರ್, ದನ ಹೊಡೆದುಕೊಂಡು ಹೋಗುವುದರಲ್ಲಿ ನಿಸ್ಸೀಮ. ಕಂದಾಯ ವಸೂಲಿಗೆ ಹೊರಟ ಮಾಂಟ್ರೋಸ್ ಡ್ಯೂಕನ ಪಾರುಪತ್ತೆಗಾರನನ್ನೇ ಹಿಡಿದು ಒಂದು ಪುಟ್ಟ ದ್ವೀಪದಲ್ಲಿ ಕೂಡಿ ಹಾಕಿದ್ದನಂತೆ. ದಂಡೆಯ ಸ್ಟ್ರೋನಾಖ್‌ಲಾಖರ್‌ನಲ್ಲಿ ಹಡಗು ನಿಲ್ಲುವ ಕಟ್ಟೆಯಿಂದ ಆ ದ್ವೀಪ ಕಾಣುತ್ತದೆ.

ಬರುವುದಾದರೆ ಮೇ ತಿಂಗಳಲ್ಲಿ ಬನ್ನಿ. ಆಮೇಲೆ ಮಿಡ್ಜ್ ಎಂಬ ಗುಂಗುರು ಮುಖಕ್ಕೇ ಮುತ್ತಿಕೊಳ್ಳುತ್ತವೆ, ರಾಬ್ ರಾಯ್ ಕಥೆ ಕೇಳುವಷ್ಟೂ ತಾಳ್ಮೆ ಉಳಿಯುವುದಿಲ್ಲ.