ಮಲಗುವ ಕೋಣೆಗೆ ಐದು ಟಿಕ್ಲಿ

ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಶಿವಮೊಗ್ಗಕ್ಕೆ ಬಂದಿದ್ದಳು, ಕಣ್ಣು ತೋರಿಸೋಕೆ. ನನ್ನ ಮಂಚದ ಮೇಲೇ ಮಲಗಿಸಿಕೊಂಡಿದ್ದೆ. ರಾತ್ರಿ ಒಂದೂವರೆಗೆ ನೋಡಿದರೆ ಪಕ್ಕ ಖಾಲಿ. ಹಾಲ್‌ನಲ್ಲಿ ಬರೀ ನೆಲಕ್ಕೆ ಚಾಪೆ ಹಾಸಿಕೊಂಡು, ಸೆರಗು ಮುಖಕ್ಕೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ನನಗೆ ಎರಡು ವರ್ಷದಿಂದ ನಿದ್ದೆ ಅಷ್ಟಕ್ಕಷ್ಟೇ. ವಯಸ್ಸು, ಟೆನ್ಷನ್, ಸಂಜೆ ಕಾಫಿ, ಎಲ್ಲದರ ಮೇಲೂ ತಪ್ಪು ಹೊರಿಸಿಯಾಗಿತ್ತು. ಕೋಣೆಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಮನೆ ಕಟ್ಟುವಾಗ ಜಾಸ್ತಿ ದುಡ್ಡು ಸುರಿದಿದ್ದು ಅದಕ್ಕೇ, ಅದು ಹೇಗೆ ಕೆಟ್ಟದಿರುತ್ತೆ ಅಲ್ವಾ!

"ಎಂಥ ಮಾರಾಯ್ತಿ, ಅದು ಮಲಗೋ ಕೋಣೆಯೋ, ಜಾತ್ರೆಯ ಅಂಗಡಿಯೋ?" ಬೆಳಿಗ್ಗೆ ಕಾಫಿ ಜೊತೆ ಬಂದ ಮೊದಲ ಮಾತು. ಆ ರಾತ್ರಿ ಲೈಟ್ ಆರಿಸಿ, ಬಾಗಿಲ ಬಳಿ ನಿಂತು ಎಣಿಸಿದೆ. ಟಿವಿಯ ಕೆಂಪು ಚುಕ್ಕೆ, ಸೆಟ್‌ಟಾಪ್ ಬಾಕ್ಸ್‌ನ ಹಸಿರು, ವೈಫೈ ಡಬ್ಬಿಯ ನೀಲಿ ಮಿಣುಕು, ಸ್ಪೈಕ್ ಬಸ್ಟರ್, ಸೊಳ್ಳೆ ಮಷಿನ್. ಐದು. ಅಮ್ಮ ಒಂದು ಮಾತೂ ಆಡದೆ ಬ್ಯಾಗಿನಿಂದ ಟಿಕ್ಲಿ ಪ್ಯಾಕೆಟ್ ತೆಗೆದಳು. ಹಣೆಗಿಡುವ ದೊಡ್ಡ ಮರೂನ್ ಟಿಕ್ಲಿ. ಒಂದೊಂದೇ ಕಿತ್ತು, ಬೆರಳಲ್ಲಿ ಒತ್ತಿ ಅಂಟಿಸುತ್ತಾ ಹೋದಳು. ಕೋಣೆ ಕಪ್ಪಾಯಿತು. ನಮ್ಮೂರ ಮನೆಯ ಕತ್ತಲು ಅದು, ನಾನು ಮರೆತೇ ಬಿಟ್ಟಿದ್ದೆ.

ಕತ್ತಲಾದ ಮೇಲೆ ಮಿದುಳಿನ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡುತ್ತೆ, ಬೆಳಕು ಬಿದ್ದರೆ ಅದು ತಡವಾಗುತ್ತೆ. ದೇಹದೊಳಗಿನ ಈ ಗಡಿಯಾರವನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು ಅಂತ ಪಿಯುಸಿ ಓದುವ ಮಗ ಅಜ್ಜಿಗೆ ವಿವರಿಸಿದ. "ನೊಣಕ್ಕೆ ಗೊತ್ತಾಗಿದ್ದು ನಿನ್ನ ಅಮ್ಮಂಗೆ ಗೊತ್ತಾಗ್ಲಿಲ್ಲ ನೋಡು" ಅಂದಳು ಅಮ್ಮ.

ಆದರೆ ಸೆಕೆ ಹೋಗಿರಲಿಲ್ಲ. ನಿದ್ದೆ ಬರಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ನನ್ನ ತಲೆದಿಂಬು ಇದ್ದಿದ್ದು ಪಶ್ಚಿಮದ ಗೋಡೆಗೆ ತಾಗಿ. ರಾತ್ರಿ ಹತ್ತಕ್ಕೆ ಕೈಯಿಟ್ಟರೆ ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಬೆಚ್ಚಗೆ. ಮೇಲೆ ಆರ್‌ಸಿಸಿ ತಾರಸಿ. ಇಡೀ ದಿನ ಬಿಸಿಲು ಕುಡಿದು, ಅರ್ಧ ರಾತ್ರಿವರೆಗೂ ಅದನ್ನು ನಮ್ಮ ಮೇಲೆ ಬಿಡುತ್ತಿರುತ್ತೆ. ಊರಿನ ಹೆಂಚಿನ ಮಾಡು ತೆಳ್ಳಗೆ, ಸಂಜೆಗೇ ತಣಿಯುತ್ತೆ. ಸಂದಿಯಲ್ಲಿ ಬಿಸಿಗಾಳಿಯೂ ಹೊರಗೆ ಹೋಗುತ್ತೆ.

ಭಾನುವಾರ ಗಂಡನೂ ಮಗನೂ ಸೇರಿ ಮಂಚ ಎಳೆದರು. ತಲೆ ಪೂರ್ವದ ಗೋಡೆಗೆ ಬಂತು. ಅಮ್ಮನಿಗೆ ಖುಷಿಯೋ ಖುಷಿ, ಅವಳ ಲೆಕ್ಕ ಬೇರೆ. ನಾನೂ ತಿದ್ದಲು ಹೋಗಲಿಲ್ಲ. ತಾರಸಿಗೆ ಸುಣ್ಣ ಬಳಿಸಿದೆವು. ಹಗಲು ಕಿಟಕಿ ಮುಚ್ಚಿ ಪರದೆ ಎಳೆಯೋದು, ಸೂರ್ಯ ಮುಳುಗಿದ ಮೇಲೆ ಎದುರುಬದುರು ಕಿಟಕಿ ತೆಗೆಯೋದು, ಸೊಳ್ಳೆಗೆ ಜಾಲರಿ. ದಪ್ಪ ಫೋಮ್ ಹಾಸಿಗೆ ಮಗನ ಕೋಣೆಗೆ ಹೋಯಿತು, ಊರಿಂದ ಹತ್ತಿ ಹಾಸಿಗೆ ಬಂತು. ಅದನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು. ಮಳೆಗಾಲದಲ್ಲಿ ಏನು ಮಾಡೋದು ಅಂತ ಕೇಳಬೇಡಿ, ಆಗ ಎಲ್ಲವೂ ಬೂಷ್ಟು.

ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜ್ ಆಗಬೇಕು ಅಂತಲೂ ನಿಯಮ ಮಾಡಿದೆ. ನನ್ನದು ಅಲ್ಲೇ ಇದೆ. ಗಂಡನದು ಮೂರನೇ ದಿನಕ್ಕೇ ದಿಂಬಿನ ಕೆಳಗೆ ವಾಪಸ್ ಬಂತು.

ಮೊನ್ನೆ ರಾತ್ರಿ ಗೋಡೆ ಮೇಲೆ ನೀಲಿ ಮಿಣುಕು ಕಂಡಿತು. ವೈಫೈ ಡಬ್ಬಿ ಕಾದು ಟಿಕ್ಲಿಯ ಅಂಟು ಬಿಟ್ಟಿತ್ತು. ಎದ್ದು ಕತ್ತಲಲ್ಲೇ ತಡಕಾಡಿ, ನನ್ನ ಹಣೆಯದನ್ನೇ ಕಿತ್ತು ಅಂಟಿಸಿ ಮಲಗಿದೆ.