ಕೆಳಗಿನ ಪ್ಯಾರಾ

ನಮ್ಮ ಪತ್ರಿಕೆಯ ನಾಲ್ಕನೇ ಪುಟದ ಅಡಿಯಲ್ಲಿ, ಕನ್ನಡಕ ಹಾಕಿಕೊಂಡವರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ದಿನವೂ ಒಂದು ಸಾಲು ಅಚ್ಚಾಗುತ್ತದೆ: ‘ಅಂಕಣಗಳಲ್ಲಿ ವ್ಯಕ್ತವಾದ ಅಭಿಪ್ರಾಯಗಳು ಆಯಾ ಲೇಖಕರ ವೈಯಕ್ತಿಕ ಅಭಿಪ್ರಾಯಗಳು.’ ನಾನು ಡೆಸ್ಕಿಗೆ ಸೇರುವ ಮೊದಲೇ ಯಾರೋ ಪುಣ್ಯಾತ್ಮರು ಅದನ್ನು ಮಾಸ್ಟರ್ ಪೇಜಿಗೆ ಅಂಟಿಸಿ ಹೋಗಿದ್ದಾರೆ. ಶಿರಸಿಯಂಥ ಊರಿನಲ್ಲಿ ವೈಯಕ್ತಿಕ ಅಭಿಪ್ರಾಯ ಎಂಬ ಪದಾರ್ಥವೇ ಇಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಇಲ್ಲಿ ಯಾರು ಏನು ಬರೆದರೂ ಓದುಗರು ಮೊದಲು ನೋಡುವುದು ಅವರು ಯಾವ ಸೀಮೆಯವರು, ಯಾವ ಸೊಸೈಟಿಗೆ ಅಡಿಕೆ ಹಾಕುತ್ತಾರೆ, ಯಾರ ಬೀಗರು, ಹೋದ ಚುನಾವಣೆಯಲ್ಲಿ ಯಾರ ಜೀಪಿನಲ್ಲಿ ಓಡಾಡಿದ್ದರು ಎಂಬುದನ್ನು. ಆಮೇಲೆ, ಪುರುಸೊತ್ತಿದ್ದರೆ, ಲೇಖನ ಓದುತ್ತಾರೆ.

ಈಗ ಹೇಳುತ್ತಿರುವುದು 2024ರ ಲೋಕಸಭೆ ಚುನಾವಣೆಯ ಹೊತ್ತಿನ ಸಂಗತಿ. ನಮ್ಮ ಉತ್ತರ ಕನ್ನಡ ಕ್ಷೇತ್ರದಲ್ಲಿ ಮತದಾನ ಮೇ 7, ಮಂಗಳವಾರ. ಭಾನುವಾರ ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಮುಗಿದು ಊರಿನ ಧ್ವನಿವರ್ಧಕಗಳು ಬಾಯಿ ಮುಚ್ಚಿದವು. ಸೋಮವಾರದ ಪುಟಕ್ಕೆ ನನ್ನ ಮೇಜಿನ ಮೇಲೆ ಎರಡು ಅಂಕಣಗಳಿದ್ದವು. ಒಂದು ವಕೀಲರೊಬ್ಬರದು, ರಾಜಕೀಯ. ಇನ್ನೊಂದು ನಿವೃತ್ತ ಮಾಸ್ತರರೊಬ್ಬರದು, ಯಕ್ಷಗಾನ.

ವಕೀಲರ ಅಂಕಣ ಓದುತ್ತಿದ್ದಂತೆಯೇ ನನ್ನ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಬೇಡ್ತಿ ಹೊಳೆಯ ನೀರನ್ನು ಘಟ್ಟದ ಮೇಲೆಯೇ ತಡೆದು ವರದಾ ಹೊಳೆಗೆ ತಿರುಗಿಸುವ ಯೋಜನೆಯ ಬಗ್ಗೆ ಓಟು ಕೇಳಲು ಬಂದ ಯಾರೂ ನೆಟ್ಟಗೆ ಬಾಯಿ ಬಿಟ್ಟಿಲ್ಲ, ಕೆಳಗೆ ಅದೇ ಹೊಳೆ ಗಂಗಾವಳಿಯಾಗಿ ಹರಿಯುವ ದಡದಲ್ಲಿರುವವರಿಗೆ ಉಪ್ಪುನೀರೇ ಗತಿಯೇ ಎಂಬ ಧಾಟಿ. ಜೊತೆಗೆ ಇತಿಹಾಸದ ಒಂದು ಪೆಟ್ಟು: ಇದೇ ಕ್ಷೇತ್ರದಲ್ಲಿ 1967ರಲ್ಲಿ ಚುಟುಕಗಳ ದಿನಕರ ದೇಸಾಯಿ ಪಕ್ಷೇತರರಾಗಿ ನಿಂತು ಗೆದ್ದರು, 1989ರಲ್ಲಿ ಪರಿಸರದ ಮಾತೆತ್ತಿ ನಿಂತ ಶಿವರಾಮ ಕಾರಂತರನ್ನು ನಾವೇ ಸೋಲಿಸಿದೆವು, ಆಗ ಬರೆಯುವವರಿಗೆ ತಮ್ಮ ಅಭಿಪ್ರಾಯವನ್ನು ಮತಪೆಟ್ಟಿಗೆಯ ಮುಂದೆ ಇಡುವ ಎದೆಯಿತ್ತು, ಈಗ ಅಭ್ಯರ್ಥಿಗಳಿಗೇ ಇಲ್ಲ ಎಂದು. ಮಾತು ಚೆನ್ನಾಗಿತ್ತು. ಆದರೆ ಮತದಾನಕ್ಕೆ ಒಂದು ದಿನ ಮೊದಲು!

ಸುದ್ದಿ ಸಂಪಾದಕರಿಗೆ ಫೋನ್ ಮಾಡಿದೆ. ‘ಹಾಕಿ. ನೋಟಿಸ್ ಬಂದರೆ ನೀವೇ ಕಾರವಾರಕ್ಕೆ ಹೋಗಿ ಉತ್ತರ ಕೊಡಿ’ ಎಂದು ಇಟ್ಟುಬಿಟ್ಟರು. ನಮ್ಮಲ್ಲಿ ಸಂಪಾದಕೀಯ ಸ್ವಾತಂತ್ರ್ಯ ಇರುವುದು ಈ ರೂಪದಲ್ಲಿ. ಹಾಗಾಗಿ ಕಾಯ್ದೆ ತೆಗೆದು ಕುಳಿತೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ ಕೊನೆಯ 48 ಗಂಟೆಗಳಲ್ಲಿ ತಡೆಯುವುದು ಸಭೆ, ಮೆರವಣಿಗೆ, ಸಿನಿಮಾ, ಟೀವಿಯಂಥವುಗಳ ಪ್ರಚಾರವನ್ನು. ಅದರ ಪಕ್ಕದ 126ಎ ಮತಗಟ್ಟೆ ಸಮೀಕ್ಷೆಯನ್ನು ಪತ್ರಿಕೆಗೂ ಸೇರಿಸಿ ನಿಷೇಧಿಸುತ್ತದೆ. ಮತದಾನದ ದಿನ ಮತ್ತು ಹಿಂದಿನ ದಿನದ ರಾಜಕೀಯ ಜಾಹೀರಾತಿಗೆ ಎಂಸಿಎಂಸಿಯ, ಅಂದರೆ ಚುನಾವಣೆಯ ಹೊತ್ತಿನಲ್ಲಿ ಮಾಧ್ಯಮಗಳ ಮೇಲೆ ಕಣ್ಣಿಡುವ ಸಮಿತಿಯ, ಒಪ್ಪಿಗೆ ಬೇಕು. ಅಂಕಣವೊಂದು ಇದ್ಯಾವುದರಲ್ಲೂ ಬರುವುದಿಲ್ಲ. ಇಷ್ಟು ಖಚಿತ ಮಾಡಿಕೊಂಡ ಮೇಲೂ ‘ಹೇಡಿತನ’ ಇದ್ದಲ್ಲಿ ‘ಮೌನ’ ಹಾಕಿದೆ, ಆಮೇಲೆ ನಾಚಿಕೆಯಾಗಿ ಮತ್ತೆ ‘ಹೇಡಿತನ’ ಮಾಡಿದೆ, ಯಾರ ಹೆಸರೂ ಒಂದು ಬಾರಿ ಹೆಚ್ಚು ಬಂದಿಲ್ಲವೆಂದು ಬೆರಳಿಟ್ಟು ಎಣಿಸಿದೆ. ಸಂಜೆಯೆಲ್ಲ ಇದಕ್ಕೇ ಹೋಯಿತು.

ಮಾಸ್ತರರ ಅಂಕಣವನ್ನು ಓದಿದೆನೇ? ಓದಿದೆ, ಒತ್ತಕ್ಷರ ಸರಿಯಿದೆಯೇ ಎಂದು ನೋಡುವಷ್ಟು. ಅವರು ವಾಟ್ಸಾಪಿನಲ್ಲಿ ಯೂನಿಕೋಡ್ ಕಳಿಸುತ್ತಾರೆ, ನಮ್ಮ ಪುಟ ಇನ್ನೂ ಹಳೆಯ ಫಾಂಟಿನಲ್ಲೇ ಆಗುತ್ತದೆ. ನಡುವೆ ಇರುವ ಕನ್ವರ್ಟರ್ ಅರ್ಕಾವೊತ್ತು ಕಂಡರೆ ಸಾಕು, ಅಕ್ಷರವನ್ನು ಎತ್ತಿ ಪಕ್ಕದ ಪದಕ್ಕೆ ಎಸೆಯುತ್ತದೆ. ಅದನ್ನು ಬದಲಿಸಿ ಎಂದು ಕೇಳಿ ಕೇಳಿ ಆಡಳಿತದವರಿಗೆ ನಮ್ಮ ಮುಖ ಕಂಡರೇ ಬೇಸರ. ಒಡೆದ ಅಕ್ಷರ ಹುಡುಕುವ ಕಣ್ಣಿಗೆ ಅರ್ಥ ಕಾಣುವುದಿಲ್ಲ.

ಕಲೆಯ ವಿಷಯ, ಅದರಲ್ಲೂ ಹಿರಿಯರ ಬರಹ, ಯಾರು ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು ಹಾಗೆಂದುಕೊಂಡದ್ದನ್ನು ನೆನೆದರೆ ಈಗ ನಗು ಬರುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ನೆಲ ಇದು. ಕೆರೆಮನೆಯವರ ಅಭಿನಯ ಹೆಚ್ಚೋ ಚಿಟ್ಟಾಣಿಯವರದು ಹೆಚ್ಚೋ ಎಂಬ ಮಾತಿನಲ್ಲಿ ಊಟದ ಎಲೆ ಬಿಟ್ಟು ಎದ್ದವರಿದ್ದಾರೆ. ಪಕ್ಷದ ಮಾತಾದರೆ ಯಾರು ಯಾವ ಕಡೆ ಎಂದು ಮೊದಲೇ ತಿಳಿದಿರುತ್ತದೆ, ಬೈದರೂ ಬೈಸಿಕೊಂಡರೂ ಅದು ನಿತ್ಯದ ವ್ಯವಹಾರ. ಮೇಳದ ಮಾತು ಹಾಗಲ್ಲ.

ಮಾಸ್ತರರು ಬರೆದದ್ದು ಇಷ್ಟು. ಘಟ್ಟದ ಮೇಲೆ ಸಿದ್ದಾಪುರ ಕಡೆ ಒಂದು ಆಟದಲ್ಲಿ ಹಾಸ್ಯಗಾರರು ದೂತನ ವೇಷದಲ್ಲಿ ಒಂದು ಪಕ್ಷವನ್ನು ಚೆನ್ನಾಗಿ ಗೇಲಿ ಮಾಡಿದರು. ವಾರದೊಳಗೆ ಘಟ್ಟದ ಕೆಳಗೆ ಹೊನ್ನಾವರ ಕಡೆ ಅದೇ ಪ್ರಸಂಗ, ಅದೇ ವೇಷ. ಅಲ್ಲಿ ಗೇಲಿಗೆ ಸಿಕ್ಕದ್ದು ಎದುರು ಪಕ್ಷ. ಎರಡೂ ಕಡೆ ಆಟ ಆಡಿಸಿದವರು ಯಾವ ಪಕ್ಷದವರೆಂದು ಊರಿಗೆಲ್ಲ ಗೊತ್ತು. ಕಲಾವಿದನಿಗೆ ಸ್ವಂತ ಅಭಿಪ್ರಾಯ ಇರಬಾರದೇ, ಇದ್ದರೆ ಅದು ಘಟ್ಟ ಇಳಿಯುವಷ್ಟರಲ್ಲಿ ಬದಲಾಗುತ್ತದೆಯೇ ಎಂದು ಕೇಳಿ, ಕೊನೆಯ ಪ್ಯಾರಾದಲ್ಲಿ ಅವರೇ ಗಂಟು ಬಿಡಿಸಿದ್ದರು: ಎರಡು ಕಡೆಯೂ ಆತ ಗೇಲಿ ಮಾಡಿದ್ದು ಆಟ ಆಡಿಸಿದವರ ಪಕ್ಷವನ್ನೇ, ಅದೂ ಅವರು ಮುಂದಿನ ಸಾಲಿನಲ್ಲಿ ಕುಳಿತಿರುವಾಗ. ಸಂಭಾವನೆ ಕೊಡುವವರ ಮುಖಕ್ಕೇ ಹೇಳುವ ಹಾಸ್ಯಗಾರ ಇನ್ನೂ ಉಳಿದಿದ್ದಾನೆ, ಇದು ಯಕ್ಷಗಾನದ ಭಾಗ್ಯ.

ಒಂಬತ್ತೂವರೆಗೆ ಜಾಹೀರಾತು ವಿಭಾಗದ ಹುಡುಗ ಓಡಿ ಬಂದ. ಶುಕ್ರವಾರ ಅಕ್ಷಯ ತೃತೀಯ, ಬಂಗಾರದ ಅಂಗಡಿಯವರು ಒಳಪುಟದಲ್ಲಿ ಜಾಗ ಕೇಳುತ್ತಿದ್ದಾರೆ, ಸಾಹೇಬರು ಒಪ್ಪಿಯಾಗಿದೆ. ನಾಲ್ಕನೇ ಪುಟಕ್ಕೆ ಜಾಹೀರಾತು ತೆಗೆದುಕೊಳ್ಳುವುದಿಲ್ಲವೆಂಬ ನಿಯಮ ಡಮ್ಮಿಯ, ಅಂದರೆ ಪುಟದ ನಕ್ಷೆಯ, ಮೇಲೆ ಮಾತ್ರ ಇರುತ್ತದೆ. ಪುಟ ಮಾಡುವ ಹುಡುಗಿ ಚೌಕವನ್ನು ತಂದು ಕೂರಿಸಿದಳು. ಮಾಸ್ತರರ ಅಂಕಣ ಕೆಳಗಿನಿಂದ ಹೊರಗೆ ನಿಂತಿತು.

‘ಅಕ್ಕಾ, ಒಂದು ಪ್ಯಾರಾ ಪೂರ್ತಿ ಹೊರಗಿದೆ. ಏನು ಮಾಡಲಿ?’

ಕೆಳಗೆ ಕರಾವಳಿ ಆವೃತ್ತಿಯ ವ್ಯಾನ್ ಚಾಲಕ ಹಾರ್ನ್ ಹೊಡೆಯತೊಡಗಿದ್ದ. ಪ್ಲೇಟ್ ವಿಭಾಗದಿಂದ ಫೋನ್. ನನ್ನ ತಲೆ ಪೂರ್ತಿ ಪುಟದ ಮೇಲ್ಭಾಗದಲ್ಲಿ, ವಕೀಲರ ಶೀರ್ಷಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಕ್ಷೇಮವೋ, ಹಾಕದಿದ್ದರೆ ಕ್ಷೇಮವೋ. ‘ಬಾಲ ತೆಗೆ’ ಎಂದೆ, ತಿರುಗಿ ನೋಡದೆ. ಅವಳು ಕ್ಷಣ ತಡೆದಳು. ‘ಮಾಸ್ತರರ ಕೊನೆ ಚೆನ್ನಾಗಿರುತ್ತದಲ್ಲ ಅಕ್ಕಾ?’ ಎಂದಳು. ನಾನು ಕೇಳಿಸಿಕೊಂಡೆ, ಉತ್ತರ ಕೊಡಲಿಲ್ಲ. ಅವಳು ತೆಗೆದಳು. ‘ಘಟ್ಟ ಇಳಿಯುವಷ್ಟರಲ್ಲಿ ಬದಲಾಗುತ್ತದೆಯೇ?’ ಎಂಬ ಪ್ರಶ್ನೆಗೆ ಅಂಕಣ ಮುಗಿಯಿತು, ಅಳತೆಗೆ ಸರಿಯಾಗಿ, ಅಂದವಾಗಿ.

ಬೆಳಿಗ್ಗೆ ಮೊದಲ ಫೋನ್ ಹೊನ್ನಾವರದ ಏಜೆಂಟರದು. ನಾನು ನದಿ ಜೋಡಣೆಗೆ ಉತ್ತರ ತಯಾರಿಟ್ಟುಕೊಂಡು ‘ಹೇಳಿ’ ಎಂದೆ. ಅವರು, ‘ಯಾವ ಮೇಳದ ಹಾಸ್ಯಗಾರ ಅದು? ದುಡ್ಡು ಯಾರು ಕೊಟ್ಟದ್ದು? ಇಲ್ಲಿ ಕಟ್ಟೆಯಲ್ಲಿ ಬೆಳಿಗ್ಗೆಯಿಂದ ಅದೇ ಆಗಿದೆ’ ಎಂದರು. ಆಮೇಲೆ ಸಿದ್ದಾಪುರ, ಕುಮಟಾ. ಯಾರೋ ಒಬ್ಬರು ಅಂಕಣದ ಚಿತ್ರ ತೆಗೆದು ‘ಮಾರಿಕೊಂಡ ಕಲೆ’ ಎಂದು ಶೀರ್ಷಿಕೆ ಕೊಟ್ಟು ಗುಂಪುಗಳಿಗೆ ಹಂಚಿದ್ದರು. ವಕೀಲರ ಅಂಕಣದ ಬಗ್ಗೆ ಒಂದು ನರಪಿಳ್ಳೆಯೂ ಮಾತಾಡಲಿಲ್ಲ. ಸಂಜೆ ಅವರೇ ಫೋನ್ ಮಾಡಿ, ಸ್ವಲ್ಪ ನೊಂದ ದನಿಯಲ್ಲಿ, ‘ಯಾರೂ ಏನೂ ಅನ್ನಲಿಲ್ಲವೇ?’ ಎಂದು ವಿಚಾರಿಸಿಕೊಂಡರು.

ಹಾಸ್ಯಗಾರರು ಮಧ್ಯಾಹ್ನದ ಹೊತ್ತಿಗೆ ಕಚೇರಿಗೇ ಬಂದರು. ರಾತ್ರಿಯ ಆಟ ಮುಗಿಸಿ ನೇರ ಬಸ್ ಹತ್ತಿದ್ದರೇನೋ, ಕಿವಿಯ ಹಿಂದೆ ಬಣ್ಣ ಪೂರ್ತಿ ಹೋಗಿರಲಿಲ್ಲ. ಕೂಗಾಡುತ್ತಾರೆಂದು ಹೆದರಿದ್ದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, ಪತ್ರಿಕೆ ಬಿಡಿಸಿ, ಅಂಕಣವನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು. ಓದಿದರು ಎಂದರೆ ಸಾಲದು, ರಂಗಸ್ಥಳದ ಮಾತುಗಾರಿಕೆಯ ಹಾಗೆ ಅರ್ಥ ಹೇಳಿದರು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಬೇಕೋ ಅಲ್ಲಿ ಏರಿ. ಸರ್ಕ್ಯುಲೇಶನ್ನಿನವರು ಬಾಗಿಲಲ್ಲಿ ಬಂದು ನಿಂತರು, ಜಾಹೀರಾತಿನ ಹುಡುಗನೂ ಬಂದ. ಕೊನೆಯ ಪ್ರಶ್ನೆಯನ್ನು ಅವರು ನನ್ನ ಮುಖ ನೋಡಿಕೊಂಡು ಹೇಳಿ ಸುಮ್ಮನಾದರು. ಫ್ಯಾನ್ ಸದ್ದಿನ ಹೊರತು ಏನಿಲ್ಲ.

‘ಹೆಸರು ಹಾಕಿಲ್ಲವಲ್ಲ’ ಎಂದೆ. ಆಗ ಹೊಳೆದದ್ದು ಅದೊಂದೇ.

‘ಹಾಕಿದ್ದರೆ ನನ್ನೊಬ್ಬನ ಮಾನ ಹೋಗುತ್ತಿತ್ತು, ನಾನು ಬಂದು ಉತ್ತರ ಕೊಡುತ್ತಿದ್ದೆ. ಈಗ ಈ ತಿರುಗಾಟದಲ್ಲಿ ಹಾಸ್ಯ ಮಾಡಿದವರೆಲ್ಲ ಒಬ್ಬರನ್ನೊಬ್ಬರು ನೀನೇ ಏನು ಎಂದು ಕೇಳುತ್ತಿದ್ದಾರೆ.’

ಪುಟದ ಅಡಿಯ ಸಾಲನ್ನು ತೋರಿಸಿ, ಅಭಿಪ್ರಾಯ ಲೇಖಕರದು ಎಂದೆ. ಅವರು ಪತ್ರಿಕೆಯನ್ನು ಕಣ್ಣಿನ ಹತ್ತಿರ ಒಯ್ದರು, ದೂರ ಹಿಡಿದರು, ‘ಕಾಣುವುದಿಲ್ಲ, ನೀವೇ ಓದಿ’ ಎಂದು ನನ್ನ ಕೈಗೆ ಕೊಟ್ಟರು. ಅಷ್ಟು ಜನರ ಮುಂದೆ ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

‘ಮಾಸ್ತರರು ಹೀಗೆ ಬರೆಯುವವರಲ್ಲ’ ಎಂದರು ಹಾಸ್ಯಗಾರರು, ಈ ಸಲ ಮೆತ್ತಗೆ. ‘ಹೊನ್ನಾವರದ ಆಟದ ರಾತ್ರಿ ಬಣ್ಣ ಹಚ್ಚುವ ಚೌಕಿಗೆ ಬಂದು ನನ್ನ ಬೆನ್ನು ತಟ್ಟಿ ಹೋಗಿದ್ದಾರೆ. ನನಗೆ ಪಕ್ಷದ ಬಗ್ಗೆ ಅಭಿಪ್ರಾಯ ಇಲ್ಲವೇ? ಇದೆ. ಅದು ತಪ್ಪು ಎಂದು ಬರೆಯಲಿ. ಮಾರಿಕೊಂಡದ್ದು ಎಂದರೆ ಹೇಗೆ?’

ಆಗ ನನಗೆ ಹಿಂದಿನ ರಾತ್ರಿಯ ಪ್ಯಾರಾ ನೆನಪಾಯಿತು. ಅದರಲ್ಲಿ ಏನಿತ್ತು ಎಂಬುದಲ್ಲ, ಅದೊಂದು ಇತ್ತು ಎಂಬುದು. ಮೊಬೈಲಿನಲ್ಲಿ ಮಾಸ್ತರರ ಮೂಲವನ್ನು ಹುಡುಕುವಾಗ ಕೈ ಒದ್ದೆಯಾಗಿತ್ತು, ಪರದೆ ಬೆರಳಿಗೆ ಜಗ್ಗಲಿಲ್ಲ. ಕೊನೆಗೂ ಸಿಕ್ಕಿದ್ದನ್ನು ಅವರಿಗೆ ಕೊಟ್ಟೆ. ಈ ಬಾರಿ ಮನಸ್ಸಿನಲ್ಲೇ ಓದಿಕೊಂಡರು, ಎರಡನೆಯ ಸಲವೂ ಓದಿದರು. ‘ಇಷ್ಟು ಒಳ್ಳೆಯ ಮಾತನ್ನು ಬಂಗಾರದ ಅಂಗಡಿಗೆ ಕೊಟ್ಟಿರಲ್ಲ’ ಎಂದು ಎದ್ದರು. ಚಹಾ ಕುಡಿಯಿರಿ ಎಂದದ್ದಕ್ಕೆ, ಆಟಕ್ಕೆ ಹೊತ್ತಾಯಿತು ಎಂದರು.

ಮಾಸ್ತರರ ಜೊತೆಗಿನ ಮಾತು ಇನ್ನೂ ಚಿಕ್ಕದು. ‘ತಂಗಿ, ಇವತ್ತು ಅಚ್ಚಾದದ್ದು ನನ್ನ ಅಭಿಪ್ರಾಯವಲ್ಲ. ನಿಮ್ಮ ಪತ್ರಿಕೆಯದ್ದೂ ಅಲ್ಲವೆಂದು ಕೆಳಗೆ ಬರೆದುಕೊಂಡಿದ್ದೀರಿ. ಹಾಗಾದರೆ ಅದು ಯಾರದು?’ ಎಂದರು. ಇದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಡೆಸ್ಕಿನಲ್ಲಿ ನಮಗೆಲ್ಲ ಮೊದಲ ದಿನವೇ ಕಲಿಸುವುದು ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು ಎಂದು. ಅಪಘಾತಕ್ಕೆ, ಸಭೆಗೆ, ಮಳೆಗೆ ಅದು ಸರಿ. ಅಭಿಪ್ರಾಯ ಬರೆಯುವವರು ತಿರುಗುಮುರುಗಾಗಿ ಕಟ್ಟುತ್ತಾರೆ. ಮೊದಲು ಅನುಮಾನ, ನಡುವೆ ಎದುರಾಳಿಯ ಮಾತು, ತಾವು ಹೇಳಬೇಕಾದದ್ದು ಕೊನೆಗೆ. ಬಾಲವೆಂದು ಕೊಯ್ದರೆ ತಲೆ ಹೋಗುತ್ತದೆ. ಈಗ ನಾನು ವಿಶೇಷಣ ತೆಗೆಯುತ್ತೇನೆ, ಮೂರು ಉದಾಹರಣೆಯಿದ್ದರೆ ಒಂದನ್ನು ತೆಗೆಯುತ್ತೇನೆ, ಕಾರಣ ಹೇಳುವ ವಾಕ್ಯ ಮುಟ್ಟುವುದಿಲ್ಲ. ಆಗಲೂ ಹಿಡಿಸದಿದ್ದರೆ ಅಂಕಣವನ್ನು ನಾಳೆಗೆ ಇಟ್ಟು ಒಂದು ಹಳೆಯ ಆರೋಗ್ಯ ಸಲಹೆ ಹಾಕುತ್ತೇನೆ. ನೆಲ್ಲಿಕಾಯಿಯ ಗುಣಗಳ ಬಗ್ಗೆ ಇಲ್ಲಿಯವರೆಗೆ ಯಾರೂ ಕಚೇರಿಗೆ ಬಂದಿಲ್ಲ. ಹೆಸರು ಹೇಳಲು ಧೈರ್ಯವಿಲ್ಲದಿದ್ದರೆ ವ್ಯಕ್ತಿಯ ಸಂಗತಿ ಬರೆಯಬೇಡಿ ಎಂದು ಅಂಕಣಕಾರರಿಗೆ ಹೇಳುತ್ತೇನೆ. ಇದನ್ನು ಅವರು ಒಪ್ಪುವುದಿಲ್ಲ. ಹೆಸರಿಲ್ಲದೆ ಬರೆಯುವುದು ಸಭ್ಯತೆ ಎಂದು ನಮ್ಮಲ್ಲಿ ಹಳೆಯ ನಂಬಿಕೆ.

ಆಡಳಿತದವರು ಮೂರನೇ ಪುಟದ ಮೂಲೆಯಲ್ಲಿ ಎರಡು ಸಾಲಿನ ‘ಸ್ಪಷ್ಟನೆ’ ಹಾಕಿ ಮುಗಿಸಿ ಎಂದರು. ಮಾಸ್ತರರು ಪೂರ್ತಿ ಅಂಕಣವನ್ನೇ ಮತ್ತೆ ಹಾಕಬೇಕೆಂದು ಹಟ ಹಿಡಿದರು, ನಾನು ಅವರ ಕಡೆ ನಿಂತೆ. ಗುರುವಾರ ಬಂತು. ಅಷ್ಟರಲ್ಲಿ ಮತದಾನ ಮುಗಿದು ಊರಿನವರೆಲ್ಲ ಯಾವ ಬೂತಿನಲ್ಲಿ ಎಷ್ಟಾಯಿತು ಎಂಬ ಲೆಕ್ಕದಲ್ಲಿದ್ದರು. ಮೊದಲಿನದನ್ನು ಹಂಚಿದ ಗುಂಪುಗಳಲ್ಲಿ ಎರಡನೆಯದು ಕಾಣಿಸಲಿಲ್ಲ. ವಾರದ ನಂತರ ಒಂದು ಸುತ್ತೋಲೆ ಹಾಜರಿ ಪುಸ್ತಕದ ಪಕ್ಕ ಅಂಟಿತು: ಅಂಕಣಗಳು ಇನ್ನು ಮುಂದೆ 400 ಪದ ಮೀರಬಾರದು. ನಾಲ್ಕನೇ ಪುಟದ ಜಾಹೀರಾತಿನ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ, ಕನ್ವರ್ಟರಿನ ಬಗ್ಗೆಯೂ ಇಲ್ಲ, ಅಂಕಣಕಾರರಿಗೆ ಬಾಕಿ ಉಳಿದ ಗೌರವಧನದ ಬಗ್ಗೆಯಂತೂ ಕೇಳುವುದೇ ಬೇಡ.

ಮಾಸ್ತರರು ಬರೆಯುವುದು ಬಿಟ್ಟಿಲ್ಲ. ಆದರೆ ಆಮೇಲಿನ ಅಂಕಣಗಳಲ್ಲೆಲ್ಲ ತಮ್ಮ ತೀರ್ಮಾನವನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾರೆ, ಉಳಿದದ್ದು ವರದಿಯ ಹಾಗೆ ಒಣಗಿಕೊಂಡು ಕೆಳಗೆ ಬರುತ್ತದೆ. ಕಾಯಿಸಿ, ಕೆಣಕಿ, ಕೊನೆಗೆ ಬಿಚ್ಚುವ ಆ ಆಟ ಹೋಯಿತು. ಮೊನ್ನೆ ಫೋನಿನಲ್ಲಿ, ‘ಮಾಸ್ತರೇ, ಹಿಂದಿನ ಹಾಗೆ ಬರೆಯಿರಿ, ನಾನು ಕಾಯುತ್ತೇನೆ’ ಎಂದು ಕೇಳಿಕೊಂಡೆ. ಅವರು ಒಪ್ಪಲಿಲ್ಲ. ‘ಅಕ್ಷಯ ತೃತೀಯ ಪ್ರತಿವರ್ಷ ಬರುತ್ತದೆ, ತಂಗಿ’ ಎಂದರು.